ಕಳೆಂಜನಿಗೆ ಜ್ವರ ಬಂದ ಆಟಿ

ಮದುವೆಯಾದ ವರ್ಷದ ಆಟಿ ತಿಂಗಳಲ್ಲಿ ಮದುಮಗಳು ತಾಯಿಮನೆಗೆ ಹೋಗಿ ಕೂರಬೇಕು ಎಂಬುದು ನಮ್ಮ ತುಳುನಾಡಿನ ಕ್ರಮ. ಐವತ್ತೇಳರ ಆಟಿಗೆ ನಾನು ಮೂಡಬಿದ್ರೆಯ ಗಂಡನ ಮನೆಯಿಂದ ಬೆಳ್ತಂಗಡಿಯ ತಾಯಿಮನೆಗೆ ಹೊರಟಾಗ ನನ್ನ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚು ಕಾಗದವಿತ್ತು. ಅತ್ತೆ ಅದನ್ನು ನೋಡಿಬಿಟ್ಟರು.

"ಬರೆಯುವುದು ಗಿರೆಯುವುದು ಎಲ್ಲ ಅಲ್ಲಿಯೇ ಮುಗಿಸಿ ಬಾ. ಇಲ್ಲಿಗೆ ಬಂದ ಮೇಲೆ ಕೆಲಸ ಉಂಟು" ಎಂದರು.

ನನ್ನ ಗಂಡ ಅಮ್ಮನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತರು. ಆ ಎಲೆಗೆ ಅಷ್ಟು ಸುಣ್ಣ ಖಂಡಿತ ಬೇಕಿರಲಿಲ್ಲ.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿದೆ. ಅತ್ತೆಯ ಲೆಕ್ಕದಲ್ಲಿ ಎಮ್ಮೆಯ ಹಾಲು ಮಾರುವುದು ಕೆಲಸ, ಸೌತೆಕಾಯಿ ಮಾರುವುದು ಕೆಲಸ. ಬರವಣಿಗೆಯೂ ಕೆಲಸವೆಂದು ಅವರು ಒಪ್ಪಬೇಕಾದರೆ ಅದರಿಂದ ದುಡ್ಡು ಬರಬೇಕು, ಬಂದದ್ದನ್ನು ಅವರು ಕಣ್ಣಾರೆ ನೋಡಬೇಕು. ಅದೂ ಈ ಒಂದು ಆಟಿಯೊಳಗೆ ಬರೆದದ್ದರಿಂದ. ಇಲ್ಲದಿದ್ದರೆ ಹೈಸ್ಕೂಲಿನಿಂದ ಹಿಡಿದ ನನ್ನ ಹುಚ್ಚು ಅಲ್ಲಿಗೆ ಮುಗಿದ ಹಾಗೆ.

ಆ ವರ್ಷ ಫ್ಲೂ ಬಂತು. ಹಡಗಿನಲ್ಲಿ ಬಂದು ಮದ್ರಾಸಿನಲ್ಲಿ ಇಳಿಯಿತಂತೆ ಎಂದು ಪೇಪರಿನಲ್ಲಿತ್ತು. ನಮ್ಮಲ್ಲಿಗೆ ಬಿ.ಸಿ.ರೋಡಿನ ಬಸ್ಸಿನಲ್ಲೇ ಬಂದಿರಬೇಕು, ಬೇರೆ ಗತಿ ಇರಲಿಲ್ಲ. ಶಾಲೆಗೆ ರಜೆ ಕೊಟ್ಟರು. ಮನೆ ಮನೆಯಲ್ಲಿ ಮೈಕೈ ನೋವು, ಕೆಮ್ಮು, ಗಂಜಿ. ಊರಿಗೆ ಊರೇ ಮಲಗಿರುವಾಗ ನನಗೆ ಮಾತ್ರ ಒಳಗೊಳಗೇ ಖುಷಿ. ಪತ್ರಿಕೆಯವರಿಗೆಲ್ಲ ಈಗ ಜ್ವರದ ಬಗ್ಗೆ ಬರಹ ಬೇಕು, ನನ್ನ ಸುತ್ತ ಜ್ವರ ಬೇಕಾದಷ್ಟು ಉಂಟು!

ಪತ್ರಿಕೆಗಳ ವಿಳಾಸ ಹುಡುಕಿಕೊಟ್ಟದ್ದು ಅಮ್ಮನ ಅಣ್ಣ, ಆ ಮನೆಯ ಯಜಮಾನರಾದ ನನ್ನ ಮಾವ. ಅವರು ಪೇಟೆಯ ಹೋಟೆಲಿನಿಂದ ಗೋಳಿಬಜೆ ತಂದರೆ ಅದನ್ನು ಕಟ್ಟಿದ ಹಳೆಯ ಪೇಪರನ್ನು ನಾನು ಬೆಳಕಿನ ಕಡೆ ಹಿಡಿದು, ಎಣ್ಣೆಯ ಕಲೆಯ ನಡುವೆ ಸಂಪಾದಕರ ವಿಳಾಸ ಓದುತ್ತಿದ್ದೆ. ಆ ಆಟಿಯಲ್ಲಿ ವಿಳಾಸಕ್ಕೋಸ್ಕರ ನಾವು ತಿಂದ ಗೋಳಿಬಜೆ ಸ್ವಲ್ಪವಲ್ಲ.

ಒಂದು ಮಾಸಪತ್ರಿಕೆಯವರು ಸಂಭಾವನೆ ಇಲ್ಲ, ಗೌರವಪ್ರತಿ ಕಳುಹಿಸುತ್ತೇವೆ ಎಂದರು. ಗೌರವವನ್ನು ಅತ್ತೆಗೆ ತೋರಿಸುವುದು ಹೇಗೆ? ಇನ್ನೊಬ್ಬರು ಜ್ವರದ ಮೇಲೆ ಕವಿತೆಯಾದರೆ ನೋಡಬಹುದು ಎಂದರು. ಮಂಗಳೂರಿನ ಒಂದು ವಾರಪತ್ರಿಕೆ ಮಾತ್ರ "ನಿಮ್ಮ ಊರಿನ ಜ್ವರದ ಅನುಭವ ಬರೆಯಿರಿ, ಪ್ರಕಟವಾದರೆ ಸಂಭಾವನೆ ಉಂಟು" ಎಂದು ಕರೆ ಕೊಟ್ಟಿತ್ತು. ನಾನು ರಾತ್ರಿ ಹಗಲು ಕೂತು ಬರೆದೆ. "ಹಾ! ಕರಾಳ ಜ್ವರರಾಕ್ಷಸನೇ" ಎಂದು ಶುರು. ನಾವು ಮನೆಯಲ್ಲಿ ಆಡುವುದು ತುಳು, ಕನ್ನಡ ಎಂದರೆ ಶಾಲೆಯ ಭಾಷೆ. ಹಾಗಾಗಿ ಕನ್ನಡದಲ್ಲಿ ಬರೆಯಲು ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು, ಮೇಷ್ಟ್ರು ಹಿಂದೆ ನಿಂತ ಹಾಗೆ. ಮನೆಯ ಗಂಜಿ ನನ್ನ ಬರಹದಲ್ಲಿ "ಪೇಯ"ವಾಯಿತು, ಅಮ್ಮನ ಕೆಮ್ಮು "ಕಾಸ"ವಾಯಿತು.

ಬರಹ ವಾಪಸು ಬಂತು. ಕೆಳಗೆ ಸಂಪಾದಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಜ್ವರ ಬಂದದ್ದು ಬೆಳ್ತಂಗಡಿಯಲ್ಲೋ, ಪುರಾಣದಲ್ಲೋ?"

ಎಂಥ ಸಿಟ್ಟು ಬಂತು ನನಗೆ! ಊಟ ಬಿಟ್ಟೆ. ಮಧ್ಯಾಹ್ನದವರೆಗೆ ಮಾತ್ರ, ಯಾಕೆಂದರೆ ಅಮ್ಮ ಪತ್ರೊಡೆ ಮಾಡಿದ್ದರು.

ಆ ದಿನವೇ ಅಂಗಳಕ್ಕೆ ಕಳೆಂಜ ಬಂದ. ಆಟಿಯಲ್ಲಿ ಊರಿಗೆ ಬಂದ ಮಾರಿಯನ್ನು ಓಡಿಸುವವನು ಆಟಿ ಕಳೆಂಜ. ಸೊಂಟಕ್ಕೆ ತೆಂಗಿನ ಎಳೆಗರಿ ಕಟ್ಟಿ, ಮುಖಕ್ಕೆ ಬಣ್ಣ ಬಳಿದು, ಓಲೆಯ ಕೊಡೆ ತಿರುಗಿಸುತ್ತ ಕುಣಿಯುತ್ತಾನೆ. ಅವನ ಹೆಂಡತಿ ತೆಂಬರೆಯೆಂಬ ಸಣ್ಣ ಚರ್ಮವಾದ್ಯ ಬಡಿದು ಪಾಡ್ದನದ ಹಾಡು ಹೇಳುತ್ತಾಳೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಸಿನ, ಮಸಿ ಕೊಡುತ್ತಾರೆ. ಅವನು ರೋಗವನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತಾನೆ ಎಂದು ನಂಬಿಕೆ. ಈ ಸಲ ಅವನು ಒಂದು ಸುತ್ತು ಕುಣಿದ, ಇನ್ನೊಂದು ಸುತ್ತಿನಲ್ಲಿ ವಾಲಿದ, ಮತ್ತೆ ಕೊಡೆಯ ಸಮೇತ ತುಳಸಿಕಟ್ಟೆಯ ಪಕ್ಕ ಕೂತುಬಿಟ್ಟ. ತೆಂಬರೆ ಮಾತ್ರ ಸ್ವಲ್ಪ ಹೊತ್ತು ಬಡಿಯುತ್ತಲೇ ಇತ್ತು.

ಅವನ ಹೆಂಡತಿ ಹಣೆ ಮುಟ್ಟಿ ನೋಡಿದಳು. ಜ್ವರ ಸುಡುತ್ತಿತ್ತು.

ಅಮ್ಮನಿಗೆ ದೊಡ್ಡ ಪೇಚು. ಮಾರಿ ಓಡಿಸಲು ಬಂದವನನ್ನೇ ಮಾರಿ ಹಿಡಿದರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಗಂಡ ಹೆಂಡತಿ ಇಬ್ಬರಿಗೂ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಚಾಪೆ ಹಾಕಿಸಿದರು. ಅವನ ಜಾತಿಯವರನ್ನು ಮನೆಯ ಒಳಗೆ ಕರೆಯುವ ಕಾಲ ಅದಲ್ಲ, ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಕಷಾಯ, ಗಂಜಿ, ಉಪ್ಪಿನಕಾಯಿ ಹೊತ್ತು ಹೊತ್ತಿಗೆ ಹೋಯಿತು. ಬಣ್ಣ ಅರ್ಧ ಅಳಿಸಿದ ಮುಖದಲ್ಲಿ ಕಳೆಂಜ ಗಂಜಿ ಕುಡಿಯುತ್ತ, "ಉಪ್ಪು ಸ್ವಲ್ಪ ಕಡಿಮೆಯಾಯಿತು" ಎಂದು ಅಮ್ಮನಿಗೇ ಹೇಳಿ ಕಳುಹಿಸಿದ.

ಇದನ್ನೇ ಬರೆಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಅಮ್ಮ ಬೈದರು. "ಕಳೆಂಜನಿಗೇ ಜ್ವರ ಅಂತ ಪೇಪರಿನಲ್ಲಿ ಬಂದರೆ ಅವನನ್ನು ಇನ್ನು ಯಾರು ಅಂಗಳಕ್ಕೆ ಕರೆಯುತ್ತಾರೆ? ಅವನ ಹೊಟ್ಟೆಗೆ ಹೊಡೆಯಬೇಡ."

ಮಾತು ಸರಿಯೇ ಇತ್ತು. ಅವನು ಎದ್ದು ಕೂರುವಷ್ಟಾದ ಮೇಲೆ ನಾನೇ ಹೋಗಿ ಅವನನ್ನು ಕೇಳಿದೆ. ಅವನು ಬಹಳ ಹೊತ್ತು ಕೆಮ್ಮಿದ. ಅದರಲ್ಲಿ ಅರ್ಧ ನಗೆ ಎಂದು ನನಗೆ ಮತ್ತೆ ಗೊತ್ತಾಯಿತು.

"ಬರೆಯಿರಿ ಅಕ್ಕಾ. ಬೇರೆ ವರ್ಷ ರೋಗ ತೆಗೆದುಕೊಂಡು ಹೋಗ್ತೇನೆ ಅಂತ ಬಾಯಲ್ಲಿ ಹೇಳ್ತಿದ್ದೆ. ಈ ವರ್ಷ ನಿಜವಾಗಿ ತೆಗೆದುಕೊಂಡೆ ಅಂತ ಬರೆಯಿರಿ. ಅಕ್ಕಿ ಒಂದು ಸೇರು ಹೆಚ್ಚೇ ಕೊಡ್ತಾರೆ."

ಹಾಗೆಯೇ ಬರೆದೆ. ಗಂಜಿಯನ್ನು ಗಂಜಿ ಎಂದೇ ಬರೆದೆ. ಮಾವ ಅದನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಂಗಳೂರಿಗೆ ಕಳುಹಿಸಿದರು. ಕೆಳಗೆ ನನ್ನ ಹೆಸರು ಹಾಕಿ, ವಿಳಾಸ ಮಾತ್ರ ಬೇಕೆಂದೇ ಮೂಡಬಿದ್ರೆಯದು ಕೊಟ್ಟೆ.

ಆಟಿ ಮುಗಿಯಿತು. ಗಂಡನ ಮನೆಗೆ ವಾಪಸು ಬಂದೆ, ದುಡ್ಡು ಬಂದಿರಲಿಲ್ಲ. ಅಲ್ಲಿಯೂ ಫ್ಲೂ ಬಂದು ಹೋಗಿತ್ತು. ಅತ್ತೆ ಸೊರಗಿದ್ದರು, ಆದರೆ ಬಾಯಿ ಸೊರಗಿರಲಿಲ್ಲ. ಟ್ರಂಕನ್ನು ಅಟ್ಟಕ್ಕೆ ಹಾಕಿಸಿ ನನ್ನನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸಿದರು. ನಾನೂ ಸುಮ್ಮನೆ ಕೂತೆ. ಆಸೆ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ಅಂಗಳದಲ್ಲಿ ಪೋಸ್ಟ್‌ಮ್ಯಾನ್ ಯಾರದೋ ಹೆಸರು ಕೂಗಿದ.

"ಹಾಗೆ ಹೇಳುವವರು ಈ ಮನೆಯಲ್ಲಿ ಯಾರೂ ಇಲ್ಲ ಮಾರಾಯ" ಎಂದು ಅತ್ತೆ ಅವನನ್ನು ಕಳುಹಿಸಿಯೇಬಿಟ್ಟರು.

ಹೆಸರು ನನ್ನದು. ಮದುವೆಯಾದ ಮೇಲೆ ಆ ಮನೆಯಲ್ಲಿ ಆ ಹೆಸರು ಹಿಡಿದು ನನ್ನನ್ನು ಯಾರೂ ಕರೆದಿರಲಿಲ್ಲ. ದೋಸೆಹಿಟ್ಟಿನ ಕೈಯಲ್ಲೇ ಓಡಿದೆ, ಗೇಟಿನ ಹತ್ತಿರ ಅವನನ್ನು ಹಿಡಿದೆ. ಮನಿಯಾರ್ಡರು! ಸಹಿ ಹಾಕಿದಲ್ಲೆಲ್ಲ ಹಿಟ್ಟು ಮೆತ್ತಿತು.

ಅತ್ತೆ ಜಗಲಿಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. "ಎಂತದಕ್ಕೆ ದುಡ್ಡು?"

"ಜ್ವರದ ಬಗ್ಗೆ ಬರೆದದ್ದಕ್ಕೆ. ನಮ್ಮಲ್ಲಿ ಕಳೆಂಜ ಮಲಗಿದ್ದು, ಅಮ್ಮ ಗಂಜಿ ಕೊಟ್ಟದ್ದು..."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಅತ್ತೆ ಒಳಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ರುಬ್ಬುವ ಕಲ್ಲಿನ ಮುಂದೆ ನನ್ನ ಜಾಗದಲ್ಲಿ ತಾವು ಕೂತರು.

"ನಾನೂ ಇಲ್ಲಿ ಮಲಗಿದ್ದೆ" ಎಂದರು. "ನಿನ್ನ ಗಂಡನಿಗೆ ಗಂಜಿ ಬೇಯಿಸಲಿಕ್ಕೆ ಬರುವುದಿಲ್ಲ. ಒಬ್ಬಳೇ ಮಲಗಿದ್ದೆ. ಅದನ್ನು ಯಾರು ಬರೆದರು?"

ಹಿಟ್ಟು ಮೆತ್ತಿದ ದುಡ್ಡನ್ನು ಕಲ್ಲಿನ ಪಕ್ಕ ಇಟ್ಟು ನಾನು ಅಲ್ಲೇ ನಿಂತೆ.

"ನಿಂತದ್ದು ಯಾಕೆ? ಕೈ ತೊಳೆದು ಕಾಗದ ತೆಗೆದುಕೊಂಡು ಬಾ. ನಾನು ರುಬ್ಬುತ್ತಾ ಹೇಳ್ತೇನೆ."