ಅತ್ತೆಯ ಮೊಣಕೈ

ನನ್ನ ಮದುವೆಯ ಆಲ್ಬಮ್ಮಿನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೋಗಳಿವೆ. ಅಷ್ಟರಲ್ಲಿ ನನ್ನ ಅತ್ತೆಯದು ಎಂದು ತೋರಿಸಬಹುದಾದದ್ದು ಒಂದು ಮೊಣಕೈ ಮಾತ್ರ. ಧಾರೆಯ ಹೊತ್ತಿನಲ್ಲಿ ತೆಗೆದ ಫೋಟೋದ ಎಡ ಅಂಚಿನಲ್ಲಿ, ಅಡುಗೆ ಕೋಣೆಯ ಬಾಗಿಲಿನ ಮರೆಯಿಂದ ಅದು ಇಣುಕಿದೆ. ಕಪ್ಪಾಗಿ ಒರಟಾದ ಮೊಣಕೈ, ಅದರ ಮೇಲೆ ಕಿರುಬೆರಳಿನ ಉದ್ದದ ಬಿಳಿ ಕಲೆ. ಮಲ್ಪೆಯಿಂದ ಮೀನಿನ ಬುಟ್ಟಿ ತರುತ್ತಿದ್ದ ಕಾಲದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಆದ ಗಾಯ ಅದು. "ನಾನು ಬಿದ್ದದ್ದು ಮಾತ್ರ, ಬುಟ್ಟಿ ಬೀಳಲಿಲ್ಲ" ಎಂದು ಆ ಕಲೆ ತೋರಿಸುವಾಗಲೆಲ್ಲ ಜಂಬದಿಂದ ಹೇಳುತ್ತಿದ್ದರು.

ಅವರು ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದವರು. ಕಡಲಿಗೆ ಹೋದ ಮಾವ ಮರಳಿ ಬರದಿದ್ದಾಗ ನನ್ನ ಗಂಡನಿಗೆ ಆರು ವರ್ಷವಂತೆ. ಆಮೇಲೆ ಅತ್ತೆ ಯಾರ ಮದುವೆಯಲ್ಲೂ ಮಂಟಪದ ಹತ್ತಿರ ಸುಳಿದವರಲ್ಲ. ಗಂಡ ಸತ್ತವಳು ಶುಭಕಾರ್ಯಕ್ಕೆ ಎದುರಾಗಬಾರದು ಎಂಬುದನ್ನು ಯಾರೂ ಅವರಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಇದ್ದೊಬ್ಬ ಮಗನ ಮದುವೆಯಲ್ಲೂ ಹಾಗೆಯೇ ಮಾಡಿದರು. ನನ್ನ ತವರಾದ ಕಾರ್ಕಳದ ಹಾಲ್‌ನಲ್ಲಿ ಫೋಟೋದವರು ಮೂರು ಸಲ ಕರೆದರು. ಅತ್ತೆ ಪಾಯಸದ ಸೌಟು ಹಿಡಿದುಕೊಂಡು ಒಳಗೇ ನಿಂತರು. ನಾನಾದರೂ ಕರೆಯಬಹುದಿತ್ತು. ಮದುಮಗಳು ಮಾತಾಡಬಾರದೆಂದು ತಲೆ ತಗ್ಗಿಸಿ ಕುಳಿತಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೆ ಇಂದಿಗೂ ಇದೆ.

ನನ್ನ ಗಂಡನಿಗೆ ಕೆನಡಾದಲ್ಲಿ ಲಾರಿ ಇಂಜಿನ್ ರಿಪೇರಿಯ ಕೆಲಸ. ಮದುವೆಗೆ ಸಿಕ್ಕಿದ್ದು ಒಂದು ತಿಂಗಳ ರಜೆ. ಹಿಂತಿರುಗಿದವರು ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ ಹಾಕಿ, "ಆರೇಳು ತಿಂಗಳು, ಅಷ್ಟೇ" ಎಂದರು. ನಾನು ಕಾಪುವಿನಲ್ಲಿ ಅತ್ತೆಯ ಜೊತೆ ಉಳಿದೆ. ಬೆಳಿಗ್ಗೆ ಬಸ್ಸು ಹತ್ತಿ ಮಣಿಪಾಲದ ಕಚೇರಿಗೆ ಹೋಗಿ ಸಂಜೆ ಬರುತ್ತಿದ್ದೆ. ಆರೇಳು ತಿಂಗಳು ಎಂದದ್ದು ಎರಡು ವರ್ಷ ದಾಟಿತು.

ನಮ್ಮ ಮಾತೆಲ್ಲ ತುಳುವಿನಲ್ಲಿ. ತುಳುವಿನಲ್ಲಿ ಅತ್ತೆಗೆ ಹೇಳುವಂತೆ ನಾನು ಅವರನ್ನು ಮಾಮಿ ಎಂದು ಕರೆಯುತ್ತಿದ್ದೆ. ಮಾಮಿ ಮೀನಿನ ಬಾಲದ ತುಂಡು ತಮಗೆ ಬಡಿಸಿಕೊಂಡು ನಡುವಿನ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ಬೇಡವೆಂದರೆ, "ನನಗೆ ಮುಳ್ಳು ಬಿಡಿಸುವುದೇ ಖುಷಿ" ಎನ್ನುತ್ತಿದ್ದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ನಾವು ನಿಜವಾದ ಗಂಡ ಹೆಂಡತಿ ಎಂಬುದಕ್ಕೆ ವೀಸಾ ಕಚೇರಿಗೆ ಸಾಕ್ಷಿ ಬೇಕಿತ್ತು. ಮೊಬೈಲಿನಲ್ಲಿ ಗಂಡನೂ ನಾನೂ ಬರೆದುಕೊಂಡ ಮಾತುಗಳನ್ನು ಪ್ರಿಂಟ್ ತೆಗೆದು ಜೋಡಿಸುತ್ತಾ ಕೂತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು.

"ಇದರಲ್ಲಿ ಎಂತ ಉಂಟು?"

"ಎಲ್ಲ ಉಂಟು ಮಾಮಿ. ಜಗಳ ಮಾಡಿದ್ದು ಮಾತ್ರ ತೆಗೆದೆ."

"ಅದನ್ನು ತೆಗೆಯಬೇಡ ಮಾರಾಯ್ತಿ! ಅದನ್ನೇ ಮೊದಲು ಇಡು. ಗಂಡ ಹೆಂಡತಿ ಅಲ್ಲದವರು ಇಷ್ಟು ಜಗಳ ಮಾಡ್ತಾರಾ?" ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ತಾಜಾ ಮೀನಿಗೆ ಯಾರಾದರೂ ಚೀಟಿ ಕೇಳ್ತಾರಾ? ಕಿವಿರು ಎತ್ತಿ ನೋಡಿದರೆ ಗೊತ್ತಾಗ್ತದೆ. ಆ ಸಾಹೇಬರಿಗೆ ಒಮ್ಮೆ ಇಲ್ಲಿಗೆ ಬಂದು ನಿನ್ನ ಮುಖ ನೋಡಲಿಕ್ಕೆ ಹೇಳು" ಎಂದರು.

ಸಾಹೇಬರು ಬರಲಿಲ್ಲ, ಪತ್ರ ಬಂತು. ವರನ ತಾಯಿ ಬದುಕಿದ್ದಾರೆಂದು ಅರ್ಜಿಯಲ್ಲಿದೆ, ಮದುವೆಯ ಯಾವ ಚಿತ್ರದಲ್ಲೂ ಅವರಿಲ್ಲ, ಈ ಮದುವೆ ನಿಜವೇ ಎಂಬ ಸಂಶಯವಿದೆ, ಮೂವತ್ತು ದಿನಗಳೊಳಗೆ ವಿವರಣೆ ಕೊಡಿ ಎಂದಿತ್ತು. ಅತ್ತೆಗೆ ಓದಿ ಹೇಳಬಾರದಿತ್ತು. ಸಂಕಟ ತಡೆಯಲಾರದೆ ಹೇಳಿಬಿಟ್ಟೆ. ಮರುದಿನ ಅವರಿಗೆ ಜ್ವರವಿಲ್ಲ, ನೆಗಡಿಯಿಲ್ಲ, ಮೀನು ಮಾರಲು ಹೋಗದೆ ಜಗಲಿಯಲ್ಲಿ ಕೂತಿದ್ದರು.

"ನಿಮಗೆ ಒಳ್ಳೆಯದಾಗಲಿ ಅಂತ ಮರೆಯಲ್ಲಿ ನಿಂತದ್ದು" ಎಂದರು. "ಈಗ ಅದೇ ಅಡ್ಡ ಬಂತಲ್ಲ."

ಆಲ್ಬಮ್ ತೆಗೆದು ಒಂದೊಂದೇ ಫೋಟೋ ಹುಡುಕಿದೆವು. ಮೊಣಕೈ ಕಂಡುಹಿಡಿದದ್ದು ಅತ್ತೆಯೇ. ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಲೆಯ ಸುತ್ತ ಕೆಂಪು ಗೆರೆ ಎಳೆದೆ. ಜೊತೆಗೆ ಅವರ ನಿಜವಾದ ಕೈಯದೂ ಒಂದು ಫೋಟೋ. ಅಳುವ ಹೊತ್ತಿನಲ್ಲೂ ನಮಗೆ ನಗು ಬಂದಿತ್ತು.

ಅಫಿಡವಿಟ್ ಮಾಡಿಸಲು ಉಡುಪಿಯ ವಕೀಲರ ಹತ್ತಿರ ಹೋದೆವು. ಫೋಟೋದಲ್ಲಿ ಯಾಕೆ ಇಲ್ಲ ಎಂದು ಅವರು ಕೇಳಿದಾಗ ಅತ್ತೆ ತಮ್ಮ ಕನ್ನಡದಲ್ಲಿ, "ನನಗೆ ಗಂಡ ಇಲ್ಲ ಸಾರ್" ಎಂದರು.

"ಅದು ಕೆನಡಾದವರಿಗೆ ಅರ್ಥ ಆಗಲಿಕ್ಕಿಲ್ಲ, ಅಮ್ಮ."

"ನನಗೂ ಅರ್ಥ ಆಗಲಿಲ್ಲ ಸಾರ್. ಆದರೂ ನಿಂತೆ."

ವಕೀಲರು ಪೆನ್ನು ಕೆಳಗಿಟ್ಟು ಅತ್ತೆಯನ್ನು ನೋಡಿದರು. ಆಮೇಲೆ ಬರೆದರು.

ಅತ್ತೆ ಸೊಸೆ ಜೊತೆಗಿರುವ ಫೋಟೋ ಒಂದಿದ್ದರೆ ಒಳ್ಳೆಯದು ಎಂದವರೂ ಅವರೇ. ಕಾಪುವಿಗೆ ಮರಳಿ ಸ್ಟುಡಿಯೋಗೆ ಹೋದೆವು. ಆಧಾರ್ ಕಾರ್ಡಿಗೆ ಬಿಟ್ಟರೆ ಮಾವ ಹೋದ ಮೇಲೆ ಅತ್ತೆ ಕ್ಯಾಮೆರಾದ ಮುಂದೆ ಕೂತದ್ದೇ ಇಲ್ಲ. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ಲೈಟು ಬಿದ್ದದ್ದೇ ಅತ್ತೆ ಗಾಬರಿಯಾಗಿ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದಂತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಕೈ ಬಿಡಿ, ಚಂದ ಬರ್ತದೆ" ಎಂದರೂ ಬಿಡಲಿಲ್ಲ. ಫೋಟೋ ಹಾಗೆಯೇ ಬಂತು, ಹಾಗೆಯೇ ವೀಸಾ ಕಚೇರಿಗೆ ಹೋಯಿತು.

ಎಂಟು ತಿಂಗಳ ಮೇಲೆ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿ ಬಂತು. ಅತ್ತೆ ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡರು. ಅವರು ಸೊರಗುತ್ತಿದ್ದದ್ದು ನನಗೆ ಕಂಡಿತ್ತು. ಕೇಳಿದರೆ "ವಯಸ್ಸಾಯಿತಲ್ಲ" ಎನ್ನುತ್ತಿದ್ದರು. ಹೊಟ್ಟೆನೋವನ್ನು ತಿಂಗಳುಗಟ್ಟಲೆ ಕಷಾಯ ಕುಡಿದು ನುಂಗಿಕೊಂಡಿದ್ದರು. ಮಣಿಪಾಲದ ಆಸ್ಪತ್ರೆಗೆ ಬಲವಂತವಾಗಿ ಕರೆದುಕೊಂಡು ಹೋದಾಗ ಕ್ಯಾನ್ಸರ್ ಪಿತ್ತಕೋಶ ದಾಟಿ ಲಿವರಿಗೆ ಹಬ್ಬಿತ್ತು. "ಐದಾರು ತಿಂಗಳು" ಎಂದರು ಡಾಕ್ಟರು.

ನನ್ನ ವೀಸಾಕ್ಕೆ ಉಳಿದಿದ್ದದ್ದು ಹದಿನೇಳು ದಿನ. ವೀಸಾಕ್ಕಾಗಿ ಮಾಡಿಸಿದ್ದ ಮೆಡಿಕಲ್ ಪರೀಕ್ಷೆಯ ಅವಧಿ ಮುಗಿಯುವುದರೊಳಗೆ ಕೆನಡಾದ ನೆಲದಲ್ಲಿ ಕಾಲಿಡದಿದ್ದರೆ ಎಲ್ಲವೂ ಮೊದಲಿನಿಂದ. ನಾನು ಹೋಗುವುದಿಲ್ಲ ಎಂದೆ. ಗಂಡ ತಾವೇ ಬರಲು ಟಿಕೆಟ್ ಹುಡುಕಿದರು. ಅತ್ತೆ ಇಬ್ಬರಿಗೂ ಬೈದರು.

"ಅವನು ಇಲ್ಲಿಗೆ ಬಂದರೆ ನಿನ್ನನ್ನು ಅಲ್ಲಿ ಇಳಿಸಿಕೊಳ್ಳುವವರು ಯಾರು? ನನ್ನಿಂದಾಗಿ ಒಮ್ಮೆ ತಡೆಯಾದದ್ದು ಸಾಕು. ಇನ್ನೊಮ್ಮೆ ಆದರೆ ನನಗೆ ಸಾಯಲಿಕ್ಕೂ ನೆಮ್ಮದಿ ಇಲ್ಲ."

ನಾನು ಹೋಗಿ ಕಾಗದಪತ್ರ ಮುಗಿಸಿ ಹದಿನೈದನೆಯ ದಿನ ಇಬ್ಬರೂ ಒಟ್ಟಿಗೆ ಮರಳುವುದೆಂದು ನಿಶ್ಚಯವಾಯಿತು. ಟಿಕೆಟೂ ಆಯಿತು. ನೋಡಿಕೊಳ್ಳಲು ಎಲ್ಲೂರಿನಿಂದ ಅತ್ತೆಯ ತಂಗಿ ಬಂದರು.

ಹೊರಡುವ ಬೆಳಿಗ್ಗೆ ಅಂಗಳದಲ್ಲಿ ಕಾರು ನಿಂತಿತ್ತು. ಅತ್ತೆ ಎಲ್ಲೂ ಕಾಣಲಿಲ್ಲ. ಎಲ್ಲಿರುತ್ತಾರೆಂದು ನನಗೆ ಗೊತ್ತಿತ್ತು. ಅಡುಗೆ ಕೋಣೆಯ ಬಾಗಿಲಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದರು.

"ಮಾಮಿ, ಎದುರಿಗೆ ಬನ್ನಿ."

"ಬೇಡ. ದೂರದ ಪ್ರಯಾಣ."

"ನೀವು ಎದುರು ಬಾರದೆ ನಾನು ಕಾರು ಹತ್ತುವುದಿಲ್ಲ."

ಮದುವೆಯ ದಿನ ಆಡಬೇಕಿದ್ದ ಮಾತನ್ನು ಅಷ್ಟು ತಡವಾಗಿ ಆಡಿದೆ. ಅವರು ನನ್ನ ಕೈ ಹಿಡಿದುಕೊಂಡು ಮೆಲ್ಲ ಮೆಲ್ಲ ಗೇಟಿನವರೆಗೆ ಬಂದು, ಕಾರಿನ ಎದುರಿಗೇ ನಿಂತರು. "ಪೋದು ಬಲ" ಎಂದರು. ಹೋಗಿ ಬಾ.

ತಲುಪಿದ ಕೂಡಲೇ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ ಅಲ್ವಾ?" ಏನೂ ಆಗಲಿಲ್ಲ ಮಾಮಿ ಎಂದೆ. "ಹೌದಾ" ಎಂದರು, ಮತ್ತೊಮ್ಮೆ "ಹೌದಾ" ಎಂದರು. ಅಷ್ಟು ವರ್ಷ ತಾವು ಮರೆಯಲ್ಲಿ ನಿಂತದ್ದು ಸುಮ್ಮನೆಯೇ ಆಯಿತೇನೋ ಎಂದು ಯೋಚಿಸುತ್ತಿದ್ದಿರಬೇಕು.

ಒಂಬತ್ತನೆಯ ದಿನ ಅವರು ಹೋದರು. ಡಾಕ್ಟರು ಹೇಳಿದ ತಿಂಗಳುಗಳೂ ಇಲ್ಲ, ನಾವು ಹೇಳಿದ ಹದಿನೈದು ದಿನವೂ ಇಲ್ಲ. ಸಿಕ್ಕಿದ ವಿಮಾನ ಹತ್ತಿ ನಾವು ಬರುವಾಗ ಚಿತೆ ಆರಿ ಎರಡು ದಿನವಾಗಿತ್ತು. ಎರಡು ವರ್ಷಕ್ಕೂ ಮೀರಿ ಕಾಗದ ಜೋಡಿಸಿದವಳು ನಾನು. ಗಂಡನ ಜೊತೆ ನಾನಿದ್ದದ್ದು ಒಂದು ತಿಂಗಳು, ಉಳಿದ ದಿನಗಳೆಲ್ಲ ಅವರ ಜೊತೆ. ಆ ಸಂಬಂಧಕ್ಕೆ ಯಾರೂ ಸಾಕ್ಷಿ ಕೇಳಲಿಲ್ಲ, ಅದಕ್ಕಾಗಿ ಉಳಿದುಕೊಳ್ಳುವ ಧೈರ್ಯ ನನಗೂ ಬರಲಿಲ್ಲ. ಅವರೇ ಕಳಿಸಿದ್ದು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ.

ಉತ್ತರಕ್ರಿಯೆಯ ದಿನ ಹಾರ ಹಾಕಲು ಅವರ ಫೋಟೋ ಬೇಕಾಯಿತು. ಆಧಾರ್ ಕಾರ್ಡಿನದು ಬಿಟ್ಟರೆ ಇದ್ದದ್ದು ಸ್ಟುಡಿಯೋದ ಆ ಒಂದೇ ಫೋಟೋ. ಅತ್ತೆಯ ತಂಗಿ ಅದರಿಂದ ನನ್ನನ್ನು ತೆಗೆಸಿ, ಅತ್ತೆಯನ್ನಷ್ಟೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದರು. ಬಂದವರೆಲ್ಲ ಕೈ ಮುಗಿದರು. ನಾನು ಹತ್ತಿರ ಹೋಗಿ ನೋಡಿದೆ. ಅತ್ತೆಯ ಕೈ ಏನನ್ನೋ ಗಟ್ಟಿಯಾಗಿ ಹಿಡಿದುಕೊಂಡಿದೆ. ಎಷ್ಟು ಕತ್ತರಿಸಿದರೂ ಅದನ್ನು ಬಿಡಿಸಲು ಸ್ಟುಡಿಯೋದವರಿಗೆ ಆಗಿರಲಿಲ್ಲ. ಚೌಕಟ್ಟಿನ ಅಂಚಿನಲ್ಲಿ, ಹಾರದ ಮರೆಯಿಂದ, ನನ್ನ ಮೊಣಕೈ ಮಾತ್ರ ಕಾಣುತ್ತದೆ.