ಅರಿಶಿನ ಹತ್ತದ ಹಲ್ಲಿನ ತುದಿ

ನಾನು ಸಾಂಗಲಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವರ್ಕ್‌ಶಾಪ್ ಮುಖ್ಯಸ್ಥನಾಗಿದ್ದ ಕೊನೆಯ ವರ್ಷದ ಮಾತು. ನಿವೃತ್ತಿಯ ನಂತರದ್ದು ಎಂದು ಬರೆಯಲು ಹೊರಟಿದ್ದೆ. ನೋಟ್‌ಬುಕ್ ನೋಡಿ ತಿದ್ದಿಕೊಂಡೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕಾರಣ ಈ ಪ್ರಸಂಗವೇ.

ಅರಿಶಿನದ ವ್ಯಾಪಾರಿ ಶಿವಲಿಂಗಪ್ಪ ಶೇಟ್ ತಮ್ಮ ಮಾಲನ್ನು ಹಗೇವಿನಲ್ಲಿ, ಅಂದರೆ ಸಣ್ಣ ಬಾಯಿಯ ಆಳವಾದ ನೆಲಗುಂಡಿಯಲ್ಲಿ ಇಡುತ್ತಿದ್ದರು. ಅದರೊಳಗೆ ಆಮ್ಲಜನಕ ಕಡಿಮೆಯಾದರೆ ಇಳಿದವರ ಜೀವಕ್ಕೇ ಅಪಾಯ. ಹಾಗಾಗಿ ಖಾಲಿ ಗುಂಡಿಯನ್ನು ಗುಡಿಸಲು ಆಳುಗಳು ಇಳಿಯುವ ಮೊದಲು, ಆಮ್ಲಜನಕದ ಮೀಟರ್ ಹೊತ್ತ ರಿಮೋಟ್ ಕಾರನ್ನು ಹಗ್ಗದಿಂದ ಇಳಿಸಿ ತಳದ ಅಂಚಿನವರೆಗೂ ಓಡಿಸುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಓಡಿಸುವವನು ಬುಧಗಾಂವದ ಯಲ್ಲಪ್ಪ. ನಡುನೋವಿನಿಂದ ಚೀಲ ಹೊರಲಾಗದ ಅವನಿಗೆ ಉಳಿದಿದ್ದು ಈ ರಿಮೋಟ್ ಒಂದೇ.

ಕಾರಿನ ಸ್ಪರ್ ಗೇರ್ ಸವೆದಿತ್ತು. ಮೋಟರಿನ ಪುಟ್ಟ ಪಿನಿಯನ್‌ನಿಂದ ಬಲ ಪಡೆದು ಚಕ್ರಗಳಿಗೆ ಸಾಗಿಸುವ ನೈಲಾನ್ ಹಲ್ಲುಗಾಲಿ ಅದು. ಅದೇ ಅಳತೆಯದು ಮಿರಜದಲ್ಲೂ ಸಿಗದೆ, ಸಣ್ಣ ಹಲ್ಲಿನ ಹೊಸ ಜೋಡಿ ಹಾಕಿದೆ. ವಾರದೊಳಗೆ ಗೇರಿನ ಹಲ್ಲುಗಳು ಉದುರಿ, ಕಾರು ಹಗೇವಿನ ತಳದಲ್ಲೇ ನಿಂತಿತು.

“ಯಲ್ಲ್ಯಾ, ಗ್ವಾಡಿಗೆ ಹೊಡದಿ ನೀ. ನಾಳಿಂದ ರಿಮೋಟ ನಮ್ಮ ಅಳಿಯಾಗ ಕೊಡ್ತೇನಿ,” ಎಂದರು ಶೇಟ್.

“ಬಡದಿಲ್ರಿ ಶೇಟ್ರ. ಬಂಪರ್ ಮ್ಯಾಲ ಒಂದು ಗೆರಿ ಸೈತ ಇಲ್ಲ. ಗಾಡಿ ಹಲ್ಲು ಮುರದಾವಂತ ನನ್ನ ಹಲ್ಲು ಉದುರಸ್ತೀರೇನು?” ಎಂದ ಯಲ್ಲಪ್ಪ ನನ್ನ ಕಡೆ ತಿರುಗಿದ. “ಸರ್, ಗೇರ್ ಕೂಡಸುವಾಗ ಹಾಳಿ ಇಟ್ಟಿದ್ರೇನು?”

ಎರಡು ಗೇರುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಮೋಟರ್ ಬಿಗಿದು, ಪಟ್ಟಿಯನ್ನು ಎಳೆದುಬಿಟ್ಟರೆ ಸರಿಯಾದ ಅಂತರ ಉಳಿಯುತ್ತದೆ. “ಇಟ್ಟಿದ್ದೆ,” ಎಂದೆ. ಹಲ್ಲುಗಳು ಒತ್ತಿ ನೆರಿಗೆ ಬಿದ್ದ ಆ ಪಟ್ಟಿ ನೆನಪಿನಲ್ಲಿ ಕಣ್ಣಿಗೆ ಕಟ್ಟಿದಂತಿತ್ತು.

ಆದರೂ ಮುರಿದ ಗೇರನ್ನು ಮನೆಗೆ ಒಯ್ದು ಭೂತಗನ್ನಡಿಯಲ್ಲಿ ನೋಡಿದೆ. ವರ್ಕ್‌ಶಾಪಿನಲ್ಲಿ ಗೇರುಗಳು ಎಲ್ಲಿ ತಾಗುತ್ತವೆಂದು ತಿಳಿಯಲು ನೀಲಿ ಬಣ್ಣ ಸವರುತ್ತೇವೆ. ಇಲ್ಲಿ ಆ ಕೆಲಸವನ್ನು ಹಗೇವಿನ ಧೂಳು ಮಾಡಿತ್ತು. ಉಳಿದ ಪ್ರತಿ ಹಲ್ಲಿನ ಬುಡದಲ್ಲೂ ಅರಿಶಿನ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ತುದಿ ಮಾತ್ರ ಉಜ್ಜಿ ಬೆಳ್ಳಗಾಗಿತ್ತು. ಗೋಡೆಗೆ ಬಡಿದಿದ್ದರೆ ಒಂದು ಕಡೆಯ ಹಲ್ಲುಗಳಷ್ಟೇ ಮುರಿಯಬೇಕಿತ್ತು. ಇದು ಸುತ್ತಲೂ ತುದಿಯಲ್ಲಷ್ಟೇ ಕಚ್ಚಿ ಓಡಿದ ಗೇರು. ಅಂತರ ಜಾಸ್ತಿಯಾಗಿತ್ತು. ಮೋಟರ್ ಬಿಗಿದವನು ನಾನು.

ಹಾಗಾದರೆ ಆ ಕಾಗದದ ಪಟ್ಟಿ? ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದು ಸಿಕ್ಕಿತು. ಸ್ಕೇಲ್ ಇಟ್ಟು ಅಳೆದೆ. ನೆರಿಗೆಗಳು ಅಗಲವಾಗಿದ್ದವು, ಹಳೆಯ ದಪ್ಪ ಹಲ್ಲುಗಳಿಗೆ ಹೊಂದುತ್ತಿದ್ದವು, ಹೊಸದಕ್ಕಲ್ಲ. ಹಳೆಯ ಗೇರ್ ಕೂಡಿಸಿದ ಮೊದಲ ಸಲದ ಕೆಲಸವನ್ನು ನನ್ನ ತಲೆ ಎರಡನೆಯ ಸಲಕ್ಕೂ ಸೇರಿಸಿಕೊಂಡಿತ್ತು. ಎರಡನೆಯ ಸಲ ನಿಜಕ್ಕೂ ಏನು ಮಾಡಿದೆನೋ ಇಂದಿಗೂ ಗೊತ್ತಿಲ್ಲ.

ಮರುದಿನ ಗೇರು, ನೋಟ್‌ಬುಕ್ ಎರಡನ್ನೂ ಶೇಟ್‌ರ ಮುಂದಿಟ್ಟೆ. “ತಪ್ಪು ನಂದ್ರಿ. ಯಲ್ಲಪ್ಪಂದಲ್ಲ.”

ಶೇಟ್ ಗೇರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ನಮ್ಮ ಅರಿಶಿನಾನ ಸಾಕ್ಷಿ ಹೇಳಿತು ಅಂದ್ರ ಇಲ್ಲಂತ ಹ್ಯಾಂಗ ಅನ್ನೂದು?” ಎಂದು ರಿಮೋಟನ್ನು ಯಲ್ಲಪ್ಪನ ಕೈಗೇ ಕೊಟ್ಟರು.

ಹೊಸ ಗೇರನ್ನು ಈ ಸಲ ಯಲ್ಲಪ್ಪನೇ ಕೂಡಿಸಿದ. ಪಟ್ಟಿ ಎಳೆದು ನನ್ನ ಕೈಯಲ್ಲಿಟ್ಟ. “ಇಟ್ಕೋರಿ ಸರ್. ಮುಂದ ಯಾರರ ಕೇಳಿದ್ರ ನೆನಪ ಮಾಡ್ಕೋತ ಕುಂದ್ರಬ್ಯಾಡ್ರಿ.”

ಯಂತ್ರ ಕೆಟ್ಟಾಗ ಕೂಡಿಸಿದವನನ್ನು ಕೇಳುವ ಮೊದಲು ಬಿಚ್ಚಿದ ಭಾಗವನ್ನು ಕೇಳಬೇಕು, ಕೂಡಿಸಿದವನು ನಾನೇ ಆಗಿದ್ದರೂ. ನೋಟ್‌ಬುಕ್ಕಿನಲ್ಲಿ ಈಗ ಎರಡು ಪಟ್ಟಿಗಳಿವೆ. ಎರಡನೆಯದರ ಕೆಳಗೆ ಯಲ್ಲಪ್ಪನ ಸಹಿ ಇದೆ.