ಗೌರಿಯ ತತ್ತಿ ಕೋಳಿಯ ಕಾವಿಗೆ

ತಂಗಿಯರೇ, ತಮ್ಮಂದಿರೇ, ಇವತ್ತು ನನ್ನ ಜಾಣತನ ಬಯಲಾಯಿತು.

ಮೊಮ್ಮಗಳು ಗೌರಿಗೆ ಒಂದೂವರೆ ವರ್ಷ, ಗೋಡೆ ಬಿಟ್ಟು ನಿಲ್ಲಳು. ಅವಳಿಗೆ ತತ್ತಿ ತಿನ್ನಿಸಲೆಂದು ಗ್ರಾಮಸೇವಿಕೆ ಸೊಸೆಯ ಕೈಗೆ ದುಡ್ಡು ಕೊಟ್ಟು, ಬೇಯಿಸಿ ಜೋಳದ ಗಂಜಿಯಲ್ಲಿ ಕಿವುಚುವುದನ್ನೂ ಕಲಿಸಿದ್ದರು. ಸೊಸೆ ನಿನ್ನೆ ಸಂತೆಯಿಂದ ತಂದ ಎಂಟು ತತ್ತಿಗಳನ್ನು ನಾನು ಕೋಳಿಯ ಕೆಳಗಿಟ್ಟೆ.

ಇವತ್ತು ಗ್ರಾಮಸೇವಿಕೆ ಬಂದರು. "ತತ್ತಿ ಎಲ್ಲಿ ಅದಾವಮ್ಮಾ?"

"ಕಾವಿಗಿ ಇಟ್ಟೀನ್ರಿ. ತಿಂದ್ರ ವಾರಕ್ಕ ಮುಗೀತಾವ. ಮರಿ ಆದ್ರ ವರ್ಷಾನುಗಟ್ಲೆ ತತ್ತಿ."

"ಮರಿ ಕೋಳಿ ಆಗೋತನಕ ಕೂಸಿನ ಕಾಲು ಕಾಯ್ತಾವೇನು?"

ಸೊಸೆ ಸೆರಗಿನ ಮರೆಯಲ್ಲಿ ನಕ್ಕಳು. "ನಾ ಹೇಳಿದ್ರ ಅತ್ತಿ ಕೇಳಂಗಿಲ್ರಿ."

ಕಾವಿಗೆ ಕೂತ ಕೋಳಿಯ ಬುಟ್ಟಿಯೊಳಗೆ ಕೈಹಾಕಿದೆ. ಅರೆಗಣ್ಣಿನಲ್ಲಿ ಕನಸು ಕಾಣುತ್ತಿದ್ದ ಕೋಳಿ ಕುಕ್ಕಿತು. ತತ್ತಿ ನನ್ನ ಅಂಗೈಯಲ್ಲಿ ಸಂಜೆಯ ಬಿಸಿಲಿನ ಹಾಗೆ ಬೆಚ್ಚಗಿತ್ತು. ಬೇಯಿಸಿ ಕಿವುಚಿ ತಿನ್ನಿಸಿದಾಗ ಗೌರಿ ಹಳದಿ ತುಟಿ ಚಪ್ಪರಿಸಿದಳು. ಇನ್ನೂ ಬೇಕೆಂದು ಗೋಡೆ ಹಿಡಿದಿದ್ದ ಕೈ ಬಿಟ್ಟು ಬಟ್ಟಲಿಗೆ ಚಾಚಿದಳು, ಒಂದು ಗಳಿಗೆ ಗಾಳಿಯಲ್ಲಿ ತೇಲಿದಂತೆ ನಿಂತಳು, ಕೂತುಬಿಟ್ಟಳು.

ನನಗೇನೋ ಗ್ರಾಮಸೇವಿಕೆ ಪಾಠ ಹೇಳಿ ಹೋದರು. ನಾಳೆ ಎರಡನೆಯ ತತ್ತಿ ತೆಗೆಯುವಾಗ ಈ ಕೋಳಿಗೆ ಪಾಠ ಹೇಳುವವರು ಯಾರು?